ಕೈಗಡವೋ, ಬಂಡವಾಳವೋ, ಉಡುಗೊರೆಯೋ?

ಜೊತೆಯಾಗಿ ಪುಸ್ತಕ ತಂದ ಗೆಳೆಯರು ದುಡ್ಡಿನ ವಿಷಯಕ್ಕೆ ಮಾತು ಬಿಟ್ಟು ನನ್ನ ಕಚೇರಿಗೆ ಬಂದಾಗ ನಾನು ಮೊದಲು ಕೇಳುವುದು ಇದನ್ನೇ: ಆ ಹಣ ಕೊಟ್ಟ ದಿನ ಏನೆಂದು ಹೇಳಿ ಕೊಟ್ಟಿರಿ? ಕೈಗಡವೇ, ಬಂಡವಾಳವೇ, ಉಡುಗೊರೆಯೇ? ಬಹಳಷ್ಟು ಮಂದಿ ಏನೂ ಹೇಳಿರುವುದಿಲ್ಲ. ಪರದೇಶದಲ್ಲಿ ನೆಲೆಸಿದ ಬರಹಗಾರರಲ್ಲಿ ಈ ಗೋಜಲು ಇನ್ನೂ ಹೆಚ್ಚು. ಕಷ್ಟಕ್ಕೆ ಮನೆಯವರು ಹತ್ತಿರವಿರುವುದಿಲ್ಲ, ಬ್ಯಾಂಕು ನಂಬುವುದಿಲ್ಲ. ಸಾಲ ಕೊಡುವವರು, ಟಪಾಲು ನೋಡಿಕೊಳ್ಳುವವರು, ಪುಸ್ತಕ ತರುವವರು ಎಲ್ಲಾ ಒಬ್ಬರೇ ಸ್ನೇಹಿತರಾಗಿಬಿಡುತ್ತಾರೆ.

ಕೃತಿಸ್ವಾಮ್ಯದ ವಕೀಲೆಯಾಗಿ ನನ್ನನ್ನು ಬಹಳ ಕಾಡಿರುವ ಪ್ರಕರಣ ಪ್ಯಾರಿಸ್ಸಿನದು. ಐರ್ಲೆಂಡಿನ ಜೇಮ್ಸ್ ಜಾಯ್ಸ್ ಬರೆದ ‘ಯುಲಿಸಿಸ್’ ಕಾದಂಬರಿಯ ಭಾಗವೊಂದನ್ನು 1921ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅಶ್ಲೀಲವೆಂದಿತು. ಪ್ರಕಾಶಕರು ಹಿಂಜರಿದರು. ಆಗ ಪ್ಯಾರಿಸ್ಸಿನಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದ ಅಮೆರಿಕದ ಸಿಲ್ವಿಯಾ ಬೀಚ್, ಅದುವರೆಗೆ ಒಂದೂ ಪುಸ್ತಕ ಪ್ರಕಟಿಸದಿದ್ದವರು, ನಾನು ತರುತ್ತೇನೆಂದರು. ನಿವ್ವಳ ಲಾಭದಲ್ಲಿ ಶೇ. 66 ಲೇಖಕರಿಗೆ ಎಂದು ಮಾತಾಯಿತು. 1922ರ ಫೆಬ್ರವರಿ 2ರಂದು ಪುಸ್ತಕ ಹೊರಬಂತು. ಮೊದಲ ಮುದ್ರಣ 1000 ಪ್ರತಿ.

ಲೆಕ್ಕಕ್ಕೆ ಸಿಗದ ಖರ್ಚು ಶುರುವಾದದ್ದು ಕರಡಚ್ಚಿನಲ್ಲೇ. ಫ್ರಾನ್ಸಿನ ದಿಜೋನ್ ಊರಿನ ಮುದ್ರಕರು ಕಳಿಸಿದ ಕರಡಿನ ಅಂಚುಗಳಲ್ಲೆಲ್ಲ ಜಾಯ್ಸ್ ಹೊಸ ಸಾಲು ಸೇರಿಸುತ್ತಾ ಹೋದರು. ಪುಸ್ತಕ ಕರಡಿನಲ್ಲೇ ಉಬ್ಬಿತು. ಮತ್ತೆ ಮತ್ತೆ ಅಚ್ಚುಮೊಳೆ ಜೋಡಿಸುವ ಖರ್ಚು ಬೀಚ್ ತಲೆಯ ಮೇಲೆ. ಅದರ ಮೇಲೆ ಅಂಗಡಿಯ ಗಲ್ಲಾದಿಂದ ಜಾಯ್ಸ್ ಪಡೆಯುತ್ತಿದ್ದ ಮುಂಗಡ. ದಾಕ್ಷಿಣ್ಯ ಲೆಕ್ಕ ಕೇಳಗೊಡಲಿಲ್ಲ.

ಇಬ್ಬರ ನಡುವೆ ಕರಾರುಪತ್ರವಾದದ್ದು 1930ರ ಡಿಸೆಂಬರಿನಲ್ಲಿ. ಬೇರೆಯವರಿಗೆ ಹಕ್ಕು ಹೋಗುವುದಾದರೆ ಬೆಲೆ ನಿಗದಿ ಮಾಡುವವರು ಬೀಚ್ ಎಂದು ಅದರಲ್ಲಿತ್ತು. ಅಮೆರಿಕದ ಪ್ರಕಾಶಕರು ವಿಚಾರಿಸಿದಾಗ ಆಕೆ 25,000 ಡಾಲರ್ ಎಂದರು. ಆಮೇಲೆ ಇಬ್ಬರಿಗೂ ಬೇಕಾದ ಕವಿ ಪಾಡ್ರಿಕ್ ಕೋಲಮ್ ಅಂಗಡಿಗೆ ಬಂದು, ನೀವು ಜಾಯ್ಸ್ ಅವರ ಹಿತಕ್ಕೆ ಅಡ್ಡ ನಿಂತಿದ್ದೀರಿ ಎಂದುಬಿಟ್ಟರು. ಬೀಚ್ ಜಾಯ್ಸ್‌ಗೆ ಫೋನು ಮಾಡಿ ಹಕ್ಕು ಬಿಟ್ಟುಕೊಟ್ಟರು. 1934ರ ಅಮೆರಿಕದ ಆವೃತ್ತಿಯಿಂದ ಆಕೆಗೆ ಬಿಡಿಗಾಸೂ ಸಿಗಲಿಲ್ಲ. 1936ರ ಹೊತ್ತಿಗೆ ಅಂಗಡಿ ಉಳಿಸಲು ಅಭಿಮಾನಿಗಳು ಚಂದಾ ಎತ್ತಬೇಕಾಯಿತು.

ಜಾಯ್ಸ್‌ಗೂ ಕಾಯಿಲೆ, ಕಣ್ಣಿನ ಶಸ್ತ್ರಚಿಕಿತ್ಸೆ, ಸಂಸಾರದ ಖರ್ಚು ಇದ್ದವು. ಆದರೂ ಬೀಚ್‌ಗೆ ಅನ್ಯಾಯವಾಯಿತೆಂದೇ ನಾನು ಹೇಳುತ್ತೇನೆ. ಕರಾರು ಇದ್ದೂ ಅದನ್ನು ಎತ್ತಿ ಹಿಡಿಯಲು ಆಕೆಗೆ ಮನಸ್ಸು ಬರಲಿಲ್ಲ. ಒಂಬತ್ತು ವರ್ಷ ಕೇಳದೇ ಕೊಟ್ಟವರಿಗೆ ಹತ್ತನೆಯ ವರ್ಷ ಕೇಳುವುದು ಸುಲಭವಲ್ಲ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಇಲ್ಲಿನ ಗೆಳೆಯರ ಪುಸ್ತಕವನ್ನು ಅಮೆರಿಕದಲ್ಲಿ ತರಲು ದುಡ್ಡು ಹಾಕುವ ಕನ್ನಡಿಗರು ಎಡವುವುದು ಇಲ್ಲೇ. ಹಣ ಯಾವ ಬಾಬ್ತು, ಕರಡಿನ ತಿದ್ದುಪಡಿಯ ಖರ್ಚು ಯಾರದು, ನಾಳೆ ದೊಡ್ಡ ಪ್ರಕಾಶಕರು ಬಂದರೆ ಮೊದಲು ದುಡ್ಡು ಹಾಕಿದವರಿಗೆ ಎಷ್ಟು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದು, ಅಚ್ಚಿಗೆ ಹೋಗುವ ಮೊದಲೇ ಇಬ್ಬರೂ ಸಹಿ ಹಾಕಿ.