ಇಲ್ಲಿ ಸ್ಟಾಫ್ ನರ್ಸ್, ಬ್ರಿಟನ್ನಿನಲ್ಲಿ ಕೆಲಕಾಲ ಸಹಾಯಕಿ

ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿ ಐಸಿಯುನಲ್ಲಿ ಪಳಗಿದವರೂ ಬ್ರಿಟನ್ನಿಗೆ ಹೋದಾಗ ಮೊದಲ ಕೆಲವು ವಾರ ಸಾಮಾನ್ಯವಾಗಿ ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ಸಂಬಳದ ಶ್ರೇಣಿಯಲ್ಲಿ ಕೆಳಗಿರುವ ಬ್ಯಾಂಡ್ 3ರ ಸಹಾಯಕರು. ಅಲ್ಲಿನ ನರ್ಸಿಂಗ್ ಮಂಡಳಿ ಎನ್‌ಎಂಸಿಯ ನೋಂದಣಿ ಸಂಖ್ಯೆ, ಅಂದರೆ ಪಿನ್, ಸಿಕ್ಕ ಮೇಲಷ್ಟೇ ನರ್ಸ್ ಹುದ್ದೆಯ ಬ್ಯಾಂಡ್ 5. ಇದಕ್ಕೆ ಇಂಗ್ಲಿಷ್ ಕೊರತೆಯೊಂದೇ ಕಾರಣ ಎನ್ನುವುದು ಅನ್ಯಾಯ.

ವೃತ್ತಿಜೀವನಕ್ಕೆ ಹೊರಗಿನ ಹುದ್ದೆಯ ಏಣಿ ಒಂದು, ಅದನ್ನು ಏರುವವರು ತಮ್ಮ ಬದುಕಿಗೆ ಕೊಟ್ಟುಕೊಳ್ಳುವ ಅರ್ಥ ಇನ್ನೊಂದು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಎವೆರೆಟ್ ಹ್ಯೂಸ್ 1937ರಲ್ಲೇ ಬರೆದರು. ದೇಶ ಬದಲಾದಾಗ ಏಣಿ ಯಾಕೆ ಕುಸಿಯುತ್ತದೆ ಎಂಬುದಕ್ಕೆ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ನೆರವಾಗುತ್ತಾರೆ. ಹಣದಂತೆಯೇ ಕಲಿಕೆಯೂ ಒಂದು ಬಂಡವಾಳ; ಅದು ಸರ್ಟಿಫಿಕೇಟಿನಲ್ಲೂ ಇರುತ್ತದೆ, ಮೈಗೂಡಿದ ರೂಢಿಯಲ್ಲೂ ಇರುತ್ತದೆ. ಸರ್ಟಿಫಿಕೇಟಿಗೆ ಬೆಲೆ ಬರುವುದು ಅದನ್ನು ಮಾನ್ಯ ಮಾಡುವ ಸಂಸ್ಥೆಯಿಂದ.

2014ರ ಅಕ್ಟೋಬರಿಗೆ ಮುಂಚೆ ಹೊರದೇಶದ ನರ್ಸ್‌ಗಳು ಅಲ್ಲಿನ ವಾರ್ಡಿನಲ್ಲಿ ಮೇಲ್ವಿಚಾರಣೆಯಡಿ ಕೆಲವು ತಿಂಗಳು ದುಡಿದು ನೋಂದಣಿ ಪಡೆಯುತ್ತಿದ್ದರು. ಆಮೇಲೆ ಬಂದದ್ದು ಕಂಪ್ಯೂಟರ್ ಪರೀಕ್ಷೆ ಸಿಬಿಟಿ ಮತ್ತು ಪ್ರಾಯೋಗಿಕ ಪರೀಕ್ಷೆ ಓಸ್ಕಿ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಬರವಣಿಗೆಗೆ 7 ಅಂಕ ಬೇಕಿದ್ದದ್ದು 2018ರಲ್ಲಿ 6.5ಕ್ಕೆ ಇಳಿಯಿತು; ಓದು, ಆಲಿಸುವಿಕೆ, ಮಾತು ಈ ಮೂರಕ್ಕೆ 7 ಹಾಗೇ ಉಳಿಯಿತು. ನರ್ಸ್‌ಗಳ ಇಂಗ್ಲಿಷ್ ಬದಲಾಗಲಿಲ್ಲ, ಅಳತೆಗೋಲು ಬದಲಾಯಿತು.

ಓಸ್ಕಿಯಲ್ಲಿ ಈಗ ಹತ್ತು ಸ್ಟೇಷನ್‌ಗಳು, ಅಂದರೆ ಒಂದೊಂದು ಕೆಲಸವನ್ನು ಪರೀಕ್ಷಿಸುವ ಹಂತಗಳು. ನಮ್ಮ ಅನುಭವಿಗಳು ಎಡವುವುದು ಕೈಕೆಲಸದಲ್ಲಲ್ಲ. ಇಲ್ಲಿನ ತುಂಬಿದ ವಾರ್ಡಿನಲ್ಲಿ ಮಾತಿಲ್ಲದೆ ಚಕಚಕನೆ ಕೆಲಸ ಮುಗಿಸುವುದೇ ಜಾಣತನ. ಅಲ್ಲಿ ಹೆಸರು ಹೇಳಿಕೊಂಡು, ರೋಗಿಯ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಕೈಪಟ್ಟಿಯೊಂದಿಗೆ ತಾಳೆ ನೋಡಿ, ಅಲರ್ಜಿ ಕೇಳಿ, ಒಪ್ಪಿಗೆ ಪಡೆದು, ಮಾಡುವುದನ್ನು ಬಾಯಿಬಿಟ್ಟು ಹೇಳುತ್ತ ಮಾಡಬೇಕು. ಔಷಧಿ ಸರಿಯಾಗಿ ಕೊಟ್ಟರೂ ಚಾರ್ಟಿನಲ್ಲಿ ಸಹಿ, ಸಮಯ ಬಿಟ್ಟರೆ ಆ ಸ್ಟೇಷನ್‌ನಲ್ಲಿ ಫೇಲಾಗಬಹುದು. ಮಾತಿಲ್ಲದೆ ಕೆಲಸ ಮುಗಿಸುವ ನಮ್ಮ ಅಭ್ಯಾಸವೇ ಬೋರ್ದಿಯು ಹೇಳುವ ಮೈಗೂಡಿದ ರೂಢಿ. ಗೈಡ್ ಓದಿದರೆ ಅದು ಬದಲಾಗುವುದಿಲ್ಲ. ಗಟ್ಟಿಯಾಗಿ ಹೇಳುತ್ತ, ಗಡಿಯಾರ ಇಟ್ಟುಕೊಂಡು ದಿನವೂ ಅಭ್ಯಾಸ ಮಾಡಬೇಕು. ಒಂದು ಅರ್ಜಿಗೆ ಮೂರೇ ಅವಕಾಶ.

ದಾರಿ ತೋರುವವರು ಯಾರು ಎಂಬುದೂ ಮುಖ್ಯ. ಕೆಲಸದ ಸುದ್ದಿ ಆಪ್ತರಿಗಿಂತ ದೂರದ ಪರಿಚಯಸ್ಥರಿಂದಲೇ ಹೆಚ್ಚಾಗಿ ಬರುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದರು. ಹಿಂದಿನ ಬ್ಯಾಚಿನ ಸೀನಿಯರ್ ಒಬ್ಬರು ಅಲ್ಲಿದ್ದರೆ ಆಸ್ಪತ್ರೆಗಳ ನೇರ ನೇಮಕಾತಿ ತಿಳಿಯುತ್ತದೆ. ಅಂಥವರಿಲ್ಲದವರು ಏಜೆಂಟಿಗೆ ಲಕ್ಷಗಟ್ಟಲೆ ತೆರುತ್ತಾರೆ. ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಶುಲ್ಕ ಪಡೆಯುವುದು ಬ್ರಿಟನ್ ಸರ್ಕಾರದ ನೇಮಕಾತಿ ಸಂಹಿತೆಗೆ ವಿರುದ್ಧ. ಸಹಿ ಹಾಕುವ ಮುನ್ನ ಕರಾರಿನಲ್ಲಿ ಇನ್ನೊಂದನ್ನು ಹುಡುಕಿ: ಅವಧಿಗೆ ಮೊದಲೇ ಕೆಲಸ ಬಿಟ್ಟರೆ ಎಷ್ಟು ಹಣ ಹಿಂತಿರುಗಿಸಬೇಕು, ಆ ಮೊತ್ತ ತಿಂಗಳು ಕಳೆದಂತೆ ಇಳಿಯುತ್ತದೆಯೇ.