ನೀಲಿ ನಾಲಿಗೆ ರೋಗ: ಬಿಸಿಲಿನ ಕಥೆಯೋ, ಮಳೆಯ ಕಥೆಯೋ?

ಹೆಬ್ಬಾಳದ ಗೆಳೆಯರೇ, ಪರೀಕ್ಷೆಯಲ್ಲಿ ಹವಾಮಾನಕ್ಕೂ ಕೀಟಗಳಿಂದ ಹರಡುವ ರೋಗಕ್ಕೂ ಇರುವ ನಂಟಿನ ಬಗ್ಗೆ ಪ್ರಶ್ನೆ ಬಂದರೆ ಕುರಿಗಳ ನೀಲಿ ನಾಲಿಗೆ ರೋಗವನ್ನೇ ಉದಾಹರಣೆಗೆ ತಗೊಳ್ಳಿ. ಈ ನಂಟು ಇದರಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ.

ಮೊದಲು ರೋಗ. ಜ್ವರ, ಊದಿದ ತುಟಿ, ಬಾಯಿಹುಣ್ಣು, ಸುರಿಯುವ ಮೂಗು, ಕುಂಟು. ಹೆಸರು ನೀಲಿ ನಾಲಿಗೆ ಅಂತ ಇದ್ದರೂ ಎಲ್ಲ ಕುರಿಗಳ ನಾಲಿಗೆ ನೀಲಿಯಾಗುವುದಿಲ್ಲ. ದನಗಳಲ್ಲಿ ಸಾಮಾನ್ಯವಾಗಿ ಲಕ್ಷಣವೇ ಇರದು, ಆದರೆ ರಕ್ತದಲ್ಲಿ ವೈರಸ್ ಇರುತ್ತದೆ. ಮನುಷ್ಯರಿಗೆ ಇದು ಬರುವುದಿಲ್ಲ.

ಹರಡುವುದು ಕ್ಯುಲಿಕಾಯ್ಡಿಸ್ ಎಂಬ ಸಣ್ಣ ನುಸಿ. ಉದ್ದ 1ರಿಂದ 3 ಮಿಲಿಮೀಟರ್. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆಗೆ ರಕ್ತ ಬೇಕಲ್ಲ. ಹಸಿ ಸಗಣಿ, ಕೊಟ್ಟಿಗೆ ಪಕ್ಕದ ಕೆಸರು ಇದ್ದರೆ ಮರಿ ಮಾಡಲು ಸಾಕು.

ಇನ್ನು ಮುಖ್ಯ ವಿಷಯ. ನುಸಿ ಹೀರಿದ ವೈರಸ್ ತಕ್ಷಣ ಇನ್ನೊಂದು ಕುರಿಗೆ ದಾಟುವುದಿಲ್ಲ. ನುಸಿಯ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ಹೋಗಿ ಬಲಿಯಬೇಕು. 30 ಡಿಗ್ರಿ ಹತ್ತಿರ ಇದಕ್ಕೆ ಒಂದು ವಾರದೊಳಗೆ ಸಾಕು. 15 ಡಿಗ್ರಿಯಲ್ಲಿ ವಾರಗಟ್ಟಲೆ ಬೇಕು. ಸುಮಾರು 12ಕ್ಕಿಂತ ಕೆಳಗೆ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅಷ್ಟರಲ್ಲಿ ನುಸಿಯೇ ಸತ್ತರೆ ವೈರಸ್‌ಗೂ ಅಲ್ಲಿಗೇ ಮುಗಿಯಿತು. ಹಾಗಂತ ಬಿಸಿ ಏರಿದಷ್ಟೂ ರೋಗ ಜಾಸ್ತಿ ಅಂತ ಬರೆಯಬೇಡಿ. ತೀರಾ ಸೆಕೆಯಲ್ಲಿ ನುಸಿಯ ಆಯಸ್ಸೂ ಕಡಿಮೆಯಾಗುತ್ತದೆ.

ಯೂರೋಪಿನಲ್ಲಿ ಅಡ್ಡಿಯಾಗಿದ್ದದ್ದು ಚಳಿ. 1998ರ ನಂತರ ಅಲ್ಲಿ ರೋಗ ಮತ್ತೆ ಮತ್ತೆ ಕಾಣಿಸಿತು. 2006ರಲ್ಲಿ ನೆದರ್ಲ್ಯಾಂಡ್ಸ್, ಬೆಲ್ಜಿಯಂ, ಜರ್ಮನಿವರೆಗೂ ಹೋಯಿತು. ಅಲ್ಲಿ ಅದನ್ನು ಹರಡಿದ್ದು ದಕ್ಷಿಣದಿಂದ ಬಂದ ನುಸಿಯಲ್ಲ, ಅಲ್ಲಿನದೇ ನುಸಿ. ಆ ವರ್ಷದ ಜುಲೈ ಸೆಕೆ ಅದಕ್ಕೆ ಅನುಕೂಲವಾಯಿತು.

ಬೆಂಗಳೂರಿಗೆ ಈ ಪಾಠ ಹಾಗೇ ಒಪ್ಪುವುದಿಲ್ಲ. ಇಲ್ಲಿ ಜನವರಿ ರಾತ್ರಿಯೂ 15 ಡಿಗ್ರಿ ಆಸುಪಾಸು, ಹಗಲು ಅದಕ್ಕಿಂತ ಎಷ್ಟೋ ಬೆಚ್ಚಗೆ. ನುಸಿಗೆ ಚಳಿಯ ಕಾಟವೇ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ತೇವ. ದಕ್ಷಿಣ ಭಾರತದಲ್ಲಿ ರೋಗ ಕೆರಳುವುದು ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ. ಆದ್ದರಿಂದ ನಮ್ಮ ಉತ್ತರದಲ್ಲಿ ಉಷ್ಣಾಂಶಕ್ಕಿಂತ ಮಳೆಗೆ ಹೆಚ್ಚು ಜಾಗ ಕೊಡಬೇಕು ಅಂತ ನನ್ನ ಅಭಿಪ್ರಾಯ. ಮಳೆ ತಡವಾಗಿ ಬಂದು ಒಮ್ಮೆಲೇ ಸುರಿದರೆ ರೋಗದ ತಿಂಗಳೂ ಜರುಗಬಹುದು.

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದೂ ತಪ್ಪು. ಬಕ್ರೀದ್ ಹೊತ್ತಿಗೆ ನಗರಕ್ಕೆ ಲಾರಿಗಟ್ಟಲೆ ಕುರಿ ಬರುತ್ತವೆ, ಅಲ್ವಾ? ಅವುಗಳ ಜೊತೆ ವೈರಸ್ಸೂ ಬರಬಹುದು. ಸೋಂಕಿನ ಪ್ರಾಣಿಯಿಂದ ನುಸಿಗೆ ವೈರಸ್ ದಾಟುವ ಅವಧಿಯನ್ನು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ನಿಯಮದಲ್ಲಿ 60 ದಿನ ಅಂತ ಹಿಡಿಯುತ್ತಾರೆ.

ಲಸಿಕೆ ಮಳೆಗೆ ಮುಂಚೆಯೇ ಬೀಳಬೇಕು. ನಮ್ಮ ದೇಶದ ಲಸಿಕೆಯಲ್ಲಿ ಈ ವೈರಸ್‌ನ 1, 2, 10, 16, 23 ಸಂಖ್ಯೆಯ ಐದು ಬಗೆಗಳಿವೆ. ಒಟ್ಟು ಬಗೆಗಳು 24ಕ್ಕಿಂತ ಹೆಚ್ಚು, ಒಂದರ ಲಸಿಕೆ ಇನ್ನೊಂದನ್ನು ಅಷ್ಟಾಗಿ ತಡೆಯದು. ಯಲಹಂಕದಲ್ಲಿರುವ, ಜಾನುವಾರು ರೋಗಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಸಂಸ್ಥೆ ನಿವೇದಿ (NIVEDI) ಮಳೆ, ಉಷ್ಣಾಂಶ ಎಲ್ಲ ಸೇರಿಸಿ ಎರಡು ತಿಂಗಳು ಮುಂಚೆಯೇ ಜಿಲ್ಲಾವಾರು ರೋಗ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಈ ರೋಗವೂ ಇದೆ, ಒಮ್ಮೆ ತೆಗೆದು ನೋಡಿ.