ಕೊಳ ಹಸಿರಾಯಿತು ಸರಿ, ಗಿಡ ಕೊಯ್ಯುವವರು ಯಾರು?

ಕಸದ ಗುಡ್ಡದ ತಳದಿಂದ ಒಸರುವ ಕಪ್ಪು ನೀರನ್ನು, ಅಂದರೆ ಲೀಚೇಟನ್ನು, ಜಲಸಸ್ಯಗಳಿಂದ ಶುದ್ಧ ಮಾಡಬಹುದೇ ಎಂದು ಕೇಳಿಕೊಂಡು ಬರುವವರಿಗೆ ನಾನು ಮಾಡಬಹುದು ಎಂದೇ ಹೇಳುತ್ತೇನೆ. ಜರ್ಮನಿಯ ಕ್ಯಾಥೆ ಸೈಡೆಲ್ 1950ರ ದಶಕದಲ್ಲೇ ಜೊಂಡಿನಂಥ ಜೌಗು ಗಿಡಗಳನ್ನು ಕೊಳಚೆ ನೀರಿನಲ್ಲಿ ಬೆಳೆಸಿ ಪರೀಕ್ಷಿಸಿದ್ದರು. 1970ರ ದಶಕದಲ್ಲಿ ನಾಸಾ ಅಂತರಗಂಗೆಯನ್ನು ಇದೇ ಕೆಲಸಕ್ಕೆ ಹಚ್ಚಿತು. ವಿದ್ಯೆ ಹೊಸದಲ್ಲ, ಅದರ ಮೇಲೆ ನನಗೆ ನಂಬಿಕೆಯೂ ಇದೆ. ತಾಳ್ಮೆ ಕೆಡುವುದು ಆಮೇಲೆ. ಕೊಳಕ್ಕೆ ಅಂತರಗಂಗೆ ಬಿಟ್ಟು, ಅದು ದಡದಿಂದ ದಡಕ್ಕೆ ಹಬ್ಬಿ ನೇರಳೆ ಹೂ ಬಿಟ್ಟ ಮೇಲೆ ಫೋಟೊ ತೆಗೆದು ಕಳಿಸುತ್ತಾರೆ. ಕೆಲಸ ಮುಗಿಯಿತು ಎನ್ನುತ್ತಾರೆ. ಮುಗಿದಿಲ್ಲ, ಕೆಲಸ ಶುರುವಾಗುವುದೇ ಆಗ.

ಗಿಡ ಹೀರಿದ್ದು ಎಲ್ಲಿಗೂ ಹೋಗುವುದಿಲ್ಲ, ಗಿಡದಲ್ಲೇ ಇರುತ್ತದೆ. ಎಷ್ಟು ಸಲ ಹೇಳಿದರೂ ಇದೊಂದು ಮಾತು ತಲೆಗೆ ಇಳಿಯುವುದಿಲ್ಲವಾದ್ದರಿಂದ ಬಿಡಿಸಿ ಹೇಳುತ್ತೇನೆ. ಸಾರಜನಕ ಮತ್ತು ರಂಜಕ ಗಿಡದ ಮೈಯಾಗುತ್ತವೆ. ಸತು, ತಾಮ್ರ, ಸೀಸದಂಥ ಲೋಹಗಳ ಹೆಚ್ಚಿನ ಪಾಲು ಬೇರಲ್ಲೇ ನಿಲ್ಲುತ್ತದೆ. ಆ ಗಿಡವನ್ನು ಬೇರುಸಹಿತ ಎತ್ತದೆ ಬಿಟ್ಟರೆ ಹಳೆಯ ಎಲೆ ಕೊಳೆತು ಮುಳುಗುತ್ತದೆ, ಅದರಲ್ಲಿದ್ದುದರ ಒಂದು ಪಾಲು ನೀರಿಗೆ ವಾಪಸು, ಇನ್ನೊಂದು ಪಾಲು ತಳದ ಕೆಸರಿಗೆ. ಕೊಳೆಯುವಾಗ ನೀರಿನಲ್ಲಿದ್ದ ಅಷ್ಟಿಷ್ಟು ಆಮ್ಲಜನಕವೂ ಖರ್ಚಾಗುತ್ತದೆ. ಕೊಯ್ಯದ ಕೊಳ ಮೇಲ್ನೋಟಕ್ಕೆ ಹಸಿರಾಗಿರುತ್ತದೆ, ಅಡಿಯಲ್ಲಿ ಮೊದಲಿಗಿಂತ ಹೆಚ್ಚು ನಾರುತ್ತಿರುತ್ತದೆ.

ಒಂದು ಲೆಕ್ಕ ನೋಡಿ. ದಿನಕ್ಕೆ 10,000 ಲೀಟರ್ ಲೀಚೇಟ್ ಬರುತ್ತಿದೆ, ಲೀಟರಿಗೆ 1,000 ಮಿಲಿಗ್ರಾಂ ಅಮೋನಿಯಾ ಸಾರಜನಕ ಇದೆ ಎಂದುಕೊಳ್ಳೋಣ. ಹಳೆಯ ಕಸದ ರಾಶಿಗೆ ಇದು ಅಸಾಮಾನ್ಯ ಮಟ್ಟವೇನಲ್ಲ. ಅಂದರೆ ದಿನಕ್ಕೆ 10 ಕಿಲೊ ಸಾರಜನಕ. ಅಂತರಗಂಗೆಯ ತೂಕದಲ್ಲಿ ಹೆಚ್ಚುಕಡಿಮೆ ಶೇ 95 ನೀರೇ. 100 ಕಿಲೊ ಹಸಿ ಗಿಡ ಒಣಗಿಸಿದರೆ 5 ಕಿಲೊ ಸಿಗುತ್ತದೆ, ಅದರಲ್ಲಿ ಶೇ 3 ಸಾರಜನಕ ಎಂದು ಧಾರಾಳವಾಗಿ ಹಿಡಿದರೂ 150 ಗ್ರಾಂ. ಹಾಗಾದರೆ ಆ 10 ಕಿಲೊವನ್ನು ಗಿಡದ ಮೂಲಕವೇ ತೆಗೆಯಲು ದಿನಂಪ್ರತಿ ಆರೂವರೆ ಟನ್ನಿಗೂ ಮೀರಿ ಹಸಿ ಗಿಡ ಎತ್ತಬೇಕು. ಯಾರು ಎತ್ತುತ್ತಾರೆ, ಎಲ್ಲಿಗೆ ಒಯ್ಯುತ್ತಾರೆ? ನನ್ನ ಮೇಜಿಗೆ ಬರುವ ಯೋಜನೆಗಳಲ್ಲಿ ಗಿಡ ತರುವ ಖರ್ಚಿಗೆ ಒಂದು ಸಾಲಿರುತ್ತದೆ, ಎತ್ತುವ ಖರ್ಚಿಗೆ ಜಾಗವೇ ಇರುವುದಿಲ್ಲ.

ಹಾಗೆಂದು ಗಿಡ ದಂಡವೇ? ಖಂಡಿತ ಅಲ್ಲ. ಬೇರಿಗೆ ಅಂಟಿಕೊಂಡು ಬದುಕುವ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೇಟ್ ಮಾಡಿ, ಆಮೇಲೆ ಆಮ್ಲಜನಕವಿಲ್ಲದ ಜಾಗದಲ್ಲಿ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ನಿಜವಾಗಿ ನೀರು ಬಿಟ್ಟು ಹೋಗುವ ಸಾರಜನಕ ಅದು. ಆದರೆ ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ಗಟ್ಟಿ ಲೀಚೇಟಿಗೆ ಅಷ್ಟನ್ನು ಬೇರು ಒದಗಿಸಲಾರದು. ಆದ್ದರಿಂದ ಮೊದಲು ಗಾಳಿ ಊದಿ, ಕೆಸರು ತಂಗಿಸಿ, ಕೊನೆಯ ಹಂತಕ್ಕೆ ಗಿಡ ಇಡಿ ಎನ್ನುತ್ತೇನೆ. ಕಸದಿಂದ ಕಸಕ್ಕೆ ಲೀಚೇಟ್ ಬೇರೆ, ಪರೀಕ್ಷೆಯ ವರದಿ ನೋಡದೆ ಅಳತೆ ಹೇಳಲಾರೆ.

ಹಸಿ ಲೀಚೇಟಿಗೆ ನೇರವಾಗಿ ಗಿಡ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ಗಿಡ ಎತ್ತಿ ನೋಡಿ. ಆರೋಗ್ಯವಾಗಿದ್ದರೆ ಬೇರು ಹಕ್ಕಿಯ ಪುಕ್ಕದ ಹಾಗೆ ಉದ್ದಕ್ಕೆ ಇಳಿಬಿದ್ದಿರುತ್ತದೆ, ಎಳೆ ಎಳೆಯೂ ಬಿಡಿಬಿಡಿ. ಅಮೋನಿಯಾ ತಗಲಿದ ಬೇರು ಮೋಟಾಗಿ, ಲೋಳೆಗಟ್ಟಿ, ಬೆರಳಿಗೆ ಸಿಕ್ಕಿದರೆ ಕಳಚಿ ಬರುತ್ತದೆ. ಪಿಎಚ್ ಏರಿದಷ್ಟೂ ಈ ವಿಷ ಹೆಚ್ಚು: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇ 1ಕ್ಕಿಂತ ಕಡಿಮೆ ಪಾಲು ವಿಷಕಾರಿ ಅನಿಲರೂಪದಲ್ಲಿರುತ್ತದೆ, ಪಿಎಚ್ 9 ಆದರೆ ಮೂರನೇ ಒಂದು ಪಾಲಿಗೂ ಹೆಚ್ಚು. ಕೊಳ ನೋಡಿಕೊಳ್ಳುವ ಕೆಲಸಗಾರರಿಗೆ ಈ ಅಂಕಿ ಗೊತ್ತಿಲ್ಲದಿರಬಹುದು, ಬೇರು ಗೊತ್ತು. ಒಂದು ಘಟಕದಲ್ಲಿ ಮೀಟರ್ ಕೆಟ್ಟು ಕೂತಿದ್ದಾಗ ಅಲ್ಲಿನ ಹಿರಿಯ ಕೆಲಸಗಾರರೊಬ್ಬರು ಬೇರು ನೋಡಿಯೇ ಒಳಹರಿವು ತಗ್ಗಿಸಿ ಕೊಳ ಉಳಿಸಿದ್ದರು. ಅಂಥವರಿಗೆ ಕೈಗವಸು, ಗಂಬೂಟು ಕೊಡಿಸಲು ಅಲ್ಲಿನ ಆಡಳಿತಕ್ಕೆ ನಾನು ಪತ್ರದ ಮೇಲೆ ಪತ್ರ ಬರೆಯಬೇಕಾಯಿತು.

ಕೊಯ್ದರೂ ಸಾಲದು. ಇನ್ನೊಂದು ಕಡೆ ಕೊಯ್ಲು ಶಿಸ್ತಾಗಿ ನಡೆದಿತ್ತು, ಎತ್ತಿದ ಗಿಡವನ್ನೆಲ್ಲ ದಡದ ಮೇಲೇ ರಾಶಿ ಹಾಕಿದ್ದರು. ರಾಶಿಯ ಬುಡದಿಂದ ಕಂದು ನೀರು ಸಣ್ಣ ಕಾಲುವೆಯಾಗಿ ಇಳಿದು ಮತ್ತೆ ಕೊಳ ಸೇರುತ್ತಿತ್ತು. ಪಕ್ಕದಲ್ಲೇ ನಿಂತು ಮಾತಾಡುತ್ತಿದ್ದ ಅಧಿಕಾರಿಗಳ ಕಣ್ಣಿಗೆ ಅದು ಬಿದ್ದಿರಲಿಲ್ಲ. ಕೊಯ್ದ ಗಿಡ ಇಳಿಸುವ ಜಾಗಕ್ಕೆ ಗಟ್ಟಿ ನೆಲ ಇರಬೇಕು, ಸೋರಿದ್ದು ಕೊಳಕ್ಕಲ್ಲ, ಗಾಳಿ ಊದುವ ತೊಟ್ಟಿಗೆ ಹೋಗಬೇಕು. ಗೊಬ್ಬರ ಮಾಡುವ ಆಸೆಯಿದ್ದರೆ ಮೊದಲು ಲೋಹದ ಪರೀಕ್ಷೆ ಮಾಡಿಸಿ. ಬಯೋಗ್ಯಾಸ್‌ಗೆ ಹಾಕಿದರೆ ಅನಿಲ ಬರುತ್ತದೆ, ಸಾರಜನಕವೂ ಲೋಹವೂ ಬಗ್ಗಡದಲ್ಲೇ ಉಳಿಯುತ್ತವೆ. ದನಕ್ಕೆ ಹಾಕಲೇಬೇಡಿ. ಲೋಹ ಹೆಚ್ಚಿದ್ದರೆ ಒಣಗಿಸಿ, ತಳಕ್ಕೆ ಸೋರದ ಪದರ ಹಾಸಿದ ಗುಂಡಿಗೆ ಸೇರಿಸುವುದೇ ಕ್ಷೇಮ.

ವರದಿ ಓದುವಾಗಲೂ ಎಚ್ಚರ ಬೇಕು. ಮಳೆ ಬಿದ್ದ ಮರುದಿನ ನೀರು ಹಿಡಿದರೆ ಎಲ್ಲ ಅಂಕಿಯೂ ಇಳಿದಿರುತ್ತದೆ, ಅದು ಗಿಡದ ಸಾಧನೆಯಲ್ಲ. ಒಳಗೆ ಬಂದ ನೀರೆಷ್ಟು, ಹೊರಗೆ ಹೋದದ್ದೆಷ್ಟು ಎಂದು ಅಳೆದು ಸಾಂದ್ರತೆಗೆ ಗುಣಿಸಿ. ಕ್ಲೋರೈಡ್ ಮಾತ್ರ ಬಿಸಿಲುಗಾಲದಲ್ಲಿ ಒಳನೀರಿಗಿಂತ ಹೊರನೀರಿನಲ್ಲೇ ಹೆಚ್ಚು ಕಂಡೀತು, ಗಾಬರಿಯಾಗಬೇಡಿ. ಗಿಡ ನೀರನ್ನು ಆವಿ ಮಾಡಿ ಬಿಡುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಆ ನೀರನ್ನು ಮರಗಳಿಗೆ ಹಾಯಿಸುವ ಯೋಚನೆಯಿದ್ದರೆ ಸೋಡಿಯಂ ಮತ್ತು ಒಟ್ಟು ಲವಣಾಂಶದ ವರದಿ ತೆಗೆದುಕೊಂಡೇ ಬನ್ನಿ.